ಸಭೆಯೆಲ್ಲ ಎದ್ದು ನಿಂತಿತು

ನಮ್ಮ ಕಾಲೇಜಿಗೆ ಬ್ಯಾಂಡು ಬಂದದ್ದು ಸಂಗೀತದ ಮೇಲಿನ ಪ್ರೀತಿಯಿಂದಲ್ಲ. ಕಾಲೇಜಿನ ಅಧ್ಯಕ್ಷರು ಒಮ್ಮೆ ಅಮೆರಿಕಕ್ಕೆ ಹೋಗಿ ಬಂದರು. ಅಲ್ಲಿನ ಯಾವುದೋ ಯೂನಿವರ್ಸಿಟಿಯಲ್ಲಿ ಹುಡುಗ ಹುಡುಗಿಯರು ಕಪ್ಪು ಕೋಟು ತೊಟ್ಟು, ಮೂರು ಸಾಲಾಗಿ ಕೂತು, ಸ್ಯಾಕ್ಸೋಫೋನು, ಟ್ರಂಪೆಟ್ಟು, ಟ್ರಾಂಬೋನು ಊದುವುದನ್ನು ನೋಡಿದರಂತೆ. ಇದಕ್ಕೆ ಬಿಗ್ ಬ್ಯಾಂಡ್ ಅಂತಾರೆ, ಇವರು ನುಡಿಸುತ್ತಿರುವುದು ಜಾಝ್ ಅಂತ ಪಕ್ಕದವರು ಯಾರೋ ಹೇಳಿದ್ದಾರೆ. ವಿಮಾನ ಇಳಿದು ಬಂದವರೇ ನಮ್ಮಲ್ಲೂ ಒಂದು ಆಗಬೇಕು ಅಂದರು. ಅವರು ಅಂದಮೇಲೆ ಮುಗಿಯಿತು. ಬಿಡದಿಯಿಂದ ಸ್ವಲ್ಪ ಆಚೆ, ಹೈವೇ ಬಿಟ್ಟು ಒಳಗೆ, ಇನ್ನೂ ಸುಣ್ಣ ಬಳಿಯದ ಗೋಡೆಗಳ ಎಂಜಿನಿಯರಿಂಗ್ ಕಾಲೇಜು ಅದು. ಲ್ಯಾಬಿನಲ್ಲಿ ಯಂತ್ರಗಳಿಗಿಂತ ಬೀಗಗಳೇ ಜಾಸ್ತಿ. ಲೈಬ್ರರಿಯಲ್ಲಿ ಪುಸ್ತಕಕ್ಕಿಂತ ಅಧ್ಯಕ್ಷರ ಫೋಟೋಗಳೇ ಜಾಸ್ತಿ. ಆದರೂ ನಮಗೊಂದು ಬಿಗ್ ಬ್ಯಾಂಡ್ ಇತ್ತು. ಬೇರೆ ಕಾಲೇಜುಗಳಿಗೆ ಇರಲಿಲ್ಲ, ಸಾಕಲ್ಲ!

ನಮ್ಮೂರು ಬಿಡದಿಗೂ ರಾಮನಗರಕ್ಕೂ ನಡುವೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಆ ವರ್ಷಗಳಲ್ಲಿ ಬಸ್ಸಿನ ಕಿಟಕಿಯಲ್ಲಿ ಕೂತವರಿಗೆ ಕಾಣುತ್ತಿದ್ದುದು ಕಾಂಪೌಂಡು ಗೋಡೆಗಳೇ. ಹೋದ ವಾರ ರಾಗಿ ಹೊಲ ಇದ್ದ ಕಡೆ ಈ ವಾರ ಗೋಡೆ, ಮುಂದಿನ ವಾರ ಶೆಡ್ಡು. ನಮ್ಮದು ರೇಷ್ಮೆ ಸಾಕುವ ಮನೆ. ಒಂದಿಷ್ಟು ಹಿಪ್ಪುನೇರಳೆ ತೋಟ, ಮನೆಗೆ ಅಂಟಿಕೊಂಡಂತೆ ಹುಳದ ಮನೆ, ಗೂಡಾದರೆ ರಾಮನಗರದ ಮಾರುಕಟ್ಟೆ. ಅಪ್ಪನಿಗೆ ಗೊತ್ತಿದ್ದ ಲೋಕ ಅಷ್ಟೇ, ಮತ್ತು ಆ ಲೋಕಕ್ಕೆ ಅವನೇ ರಾಜ.

ಬ್ಯಾಂಡಿಗೆ ಹುಡುಗರನ್ನು ಆರಿಸಲು ಬೆಂಗಳೂರಿನಿಂದ ಒಬ್ಬ ಮಾಸ್ಟರು ಬಂದರು. ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾದವರು, ತಮಿಳು ಬೆರೆತ ಕನ್ನಡ. ಟ್ರಂಪೆಟ್ಟಿನ ಬಾಯಿತುಂಡನ್ನು ಒಬ್ಬೊಬ್ಬರ ಕೈಗೂ ಕೊಟ್ಟು ಊದಿಸಿದರು. ಮಾಗಡಿಯ ಹುಡುಗ ಊದಿದ, ಬರೀ ಗಾಳಿ. ಕನಕಪುರದಿಂದ ಬರುತ್ತಿದ್ದ, ಜಿಮ್ಮಿಗೆ ಹೋಗಿ ಎದೆ ಉಬ್ಬಿಸಿಕೊಂಡಿದ್ದವನು ಊದಿದ, ಎಂಜಲು. ನಾನು ಸುಮ್ಮನೆ ನೋಡುತ್ತಾ ನಿಂತಿದ್ದವಳು. ನನ್ನ ಕೈಗೂ ಬಂತು, ಊದಿದೆ. ಪಕ್ಕದ ಕ್ಲಾಸಿನ ಲೆಕ್ಚರರು ಓಡಿ ಬಂದು ಯಾರದು ಗಲಾಟೆ ಅಂದರು. ಮಾಸ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಮ್ಮಾ, ಒಳಗೆ ಇರೋದು ಶ್ವಾಸಕೋಶಾನಾ, ಇಲ್ಲಾ ಕಮ್ಮಾರನ ತಿದಿಯಾ?" ಅಂದರು. ಹೀಗೆ ಟ್ರಂಪೆಟ್ಟು ನನ್ನದಾಯಿತು.

ಮನೆಯಲ್ಲಿ ಹೇಳಿದಾಗ ಅವ್ವ ಬಿದ್ದು ಬಿದ್ದು ನಕ್ಕಳು. "ಒಲೆ ಊದಿದ್ದು ಸಾಕಾಗ್ನಿಲ್ವಾ ನಿಂಗೆ? ಅದ್ಕೂ ಕಾಲೇಜಿಗ್ ಹೋಗ್ಬೇಕಿತ್ತಾ?" ಅಂದಳು. ಅಪ್ಪ ನಗಲಿಲ್ಲ. ಸೊಪ್ಪು ಕತ್ತರಿಸುತ್ತಿದ್ದ ಕತ್ತಿ ನಿಲ್ಲಿಸಿ ಕೇಳಿದ.

"ಮದ್ವೆ ಮನೆ ಮುಂದೆ ಬ್ಯಾಂಡ್‌ಸೆಟ್ಟೋರು ಊದ್ತಾರಲ್ಲ, ಅದೇನವ್ವಾ?"

"ಹೂಂ ಅಪ್ಪ, ಅದೇ. ಆದ್ರೆ ನಾವು ನುಡ್ಸೋದು ಬೇರೆ ಥರದ್ದು."

"ನಮ್ ಮನೇಲಿ ಊದ್ಸಿದೋರವ್ರೆ ಕಣವ್ವ. ಊದಿದೋರಿಲ್ಲ."

ಅಷ್ಟೇ ಅಂದು ಮತ್ತೆ ಸೊಪ್ಪು ಕತ್ತರಿಸತೊಡಗಿದ. ಬೈಯಲಿಲ್ಲ, ಬೇಡ ಅನ್ನಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಎಂಥ ಮಾತದು! ತಲೆ ತಲಾಂತರದಿಂದ ಬೇರೆಯವರ ಕೈಲಿ ಊದಿಸಿ, ಮದುವೆಯ ಕೊನೆಗೆ ಅವರಿಗೆ ಕೊಟ್ಟಿಗೆಯ ಹಿಂದೆ ಊಟದ ಎಲೆ ಹಾಕಿದ ಜಂಬ ಅದು. ನನಗೆ ಮೈ ಉರಿಯಿತು, ಈಗಲೂ ಉರಿಯುತ್ತದೆ.

ಟ್ರಂಪೆಟ್ಟನ್ನು ಮನೆಗೆ ತರುವ ಹಾಗಿರಲಿಲ್ಲ. ಸಂಜೆ ಪ್ರಾಕ್ಟೀಸು ಮುಗಿದ ಕೂಡಲೇ ಎಲ್ಲವನ್ನೂ ಎಣಿಸಿ ರೂಮಿಗೆ ಬೀಗ ಹಾಕುತ್ತಿದ್ದರು. ತಂದಿದ್ದರೂ ಊದುವುದೆಲ್ಲಿ? ಹುಳ ಪೊರೆ ಬಿಡಲು ಮೇವು ಬಿಟ್ಟು ಅಲ್ಲಾಡದೆ ಮಲಗುತ್ತವೆ, ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಪಾತ್ರೆ ಕೂಡ ಸದ್ದಾಗಬಾರದು. ಎದ್ದಮೇಲೆ ಅವು ಮೇಯುವುದನ್ನು ಕೇಳಿಸಿಕೊಳ್ಳುತ್ತಾ ಕೂರುವುದೇ ಅಪ್ಪನಿಗೆ ಸಂಗೀತ. ಹೀಗಾಗಿ ಎರಡು ವರ್ಷ ನಾನು ಊದಿದ್ದನ್ನು ಅಪ್ಪ ಒಂದು ಸಲವೂ ಕೇಳಲಿಲ್ಲ. ನನಗೆ ಬೇಕಾಗಿದ್ದುದು ಅದೊಂದೇ. ಅಪ್ಪ ಒಂದು ಸಲ ಎದುರಿಗೆ ಕೂತು ಕೇಳಬೇಕು, ಕೇಳಿ ಅವನ ಆ ಮಾತನ್ನು ಅವನೇ ನುಂಗಬೇಕು. ಮೆಚ್ಚಲಿ ಅಂತಲೂ ಇರಲಿಲ್ಲ. ಸುಳ್ಳು ಯಾಕೆ, ಮೆಚ್ಚಲಿ ಅಂತಲೂ ಇತ್ತು.

ಮೂರನೇ ವರ್ಷದಲ್ಲಿ ಕಾಲೇಜಿಗೆ ದರ್ಜೆ ಕೊಡುವ ದೊಡ್ಡ ತಪಾಸಣೆ ಬರುವುದಿತ್ತು. ಅದಕ್ಕೆ ಮುಂಚೆ ಹೆಸರಾಗುವಂಥದ್ದು ಏನಾದರೂ ನಡೆಯಬೇಕು ಅಂತ ಅಧ್ಯಕ್ಷರಿಗೆ ಹಟ. ಅಮೆರಿಕದ ಒಬ್ಬ ಸ್ಯಾಕ್ಸೋಫೋನ್ ಕಲಾವಿದ ಬೆಂಗಳೂರಿಗೆ ಬಂದಿದ್ದಾನೆ ಅಂತ ತಿಳಿದು, ಹೇಗೋ ಹಿಡಿದು ತಂದರು. ಅತಿಥಿ ಕಲಾವಿದನೊಡನೆ ನಮ್ಮ ಬ್ಯಾಂಡಿನ ಕಾರ್ಯಕ್ರಮ. ಎತ್ತರದ ಮನುಷ್ಯ, ಕೂದಲೆಲ್ಲ ನೆರೆತಿತ್ತು, ದನಿ ಬಾವಿಯೊಳಗಿಂದ ಬಂದ ಹಾಗೆ. ಹಿಂದಿನ ದಿನ ರಿಹರ್ಸಲ್ಲಿಗೆ ಬಂದ. ನಾವು ನುಡಿಸಿದ್ದನ್ನು ಕಣ್ಣು ಮುಚ್ಚಿ ಕೇಳಿದ. ಒಂದು ಹಾಡಿನ ನಡುವೆ ನಾಲ್ಕು ಸಾಲಿನಷ್ಟು ನನ್ನ ಟ್ರಂಪೆಟ್ಟು ಒಂಟಿಯಾಗಿ ಬರುತ್ತಿತ್ತು. ಅದು ಮುಗಿದ ಕೂಡಲೇ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದ. "ಇನ್ನೊಂದು ಸಲ" ಅಂದ. ಮತ್ತೆ ನುಡಿಸಿದೆ. ಬರೆದಿಟ್ಟದ್ದನ್ನು ಬಿಡು, ನಿನ್ನ ಮನಸ್ಸಿಗೆ ಬಂದದ್ದು ಊದು ಅಂದ. ಹೆದರಿಕೊಂಡೇ ಊದಿದೆ. ಮೂರನೇ ಸಲವೋ ನಾಲ್ಕನೇ ಸಲವೋ ಏನಾಯಿತೋ ಗೊತ್ತಿಲ್ಲ, ನನಗೇ ಗೊತ್ತಿಲ್ಲದ ಒಂದು ಏರು ಬಂತು. ಅದು ನನ್ನದು, ಮಾಸ್ಟರು ಹೇಳಿಕೊಟ್ಟದ್ದಲ್ಲ. ಆತ ದೊಡ್ಡದಾಗಿ ನಕ್ಕು, ನಾಳೆ ನಾನು ಮುಗಿಸಿ ನಿನ್ನ ಕಡೆ ಬೆರಳು ತೋರಿಸುತ್ತೇನೆ, ಆಗ ಎದ್ದು ನಿಲ್ಲು, ನಿನಗೆ ಸಾಕು ಅನ್ನಿಸುವವರೆಗೆ ಊದು, ನಾವೆಲ್ಲ ಕಾಯುತ್ತೇವೆ ಅಂದ. ಮಾಸ್ಟರು ಇದನ್ನು ಕನ್ನಡದಲ್ಲಿ ಇನ್ನೊಂದು ಸಲ ಹೇಳಿದರು. ನನಗೆ ಇಂಗ್ಲಿಷಿನಲ್ಲೇ ಅರ್ಥವಾಗಿತ್ತು, ಆದರೂ ಎರಡನೇ ಸಲ ಕೇಳಲು ಚೆನ್ನಾಗಿತ್ತು.

ಅಪ್ಪನಿಗೆ ಆಮಂತ್ರಣ ಪತ್ರಿಕೆ ಕೊಟ್ಟು ವಾರವಾಗಿತ್ತು. "ಹುಳ ಹಣ್ಣಾಗೋ ಟೈಮು ಕಣವ್ವ, ಆಗಾಕಿಲ್ಲ" ಅಂದುಬಿಟ್ಟಿದ್ದ. ಅದು ನೆಪವೂ ಅಲ್ಲ. ಹುಳ ಮೇವು ಬಿಟ್ಟು ಮೈ ಹಳದಿಯಾಗಿ ಹೊಳೆಯತೊಡಗಿದರೆ ಹಣ್ಣಾಯಿತು ಅಂತ. ಆಗ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಕಂಡಲ್ಲಿ ನೂಲು ಬಿಟ್ಟು ಹಾಳಾಗುತ್ತವೆ. ಆ ದಿನ ಮನೆಯ ಗಂಡಸು ಊರಿನ ಹೆಣಕ್ಕೂ ಹೋಗುವುದಿಲ್ಲ. ನನಗೆ ಇದೆಲ್ಲ ಗೊತ್ತು. ಗೊತ್ತಿದ್ದರೂ ಅತ್ತೆ. ರಿಹರ್ಸಲ್ಲಿನ ದಿನ ಮನೆಗೆ ಬಂದು, ನಾಳೆ ನಾನೊಬ್ಬಳೇ ಎದ್ದು ನಿಂತು ಊದೋದು ಅಪ್ಪ ಅಂತ ಹೇಳಿದೆ. ಅಪ್ಪ ಗೂಟಕ್ಕೆ ಸಿಕ್ಕಿಸಿದ್ದ ಪತ್ರಿಕೆಯನ್ನು ತೆಗೆದು ಮೊದಲ ಸಲ ನಿಧಾನವಾಗಿ ಓದಿದ. ಓದಿ, "ಬತ್ತೀನಿ" ಅಂದ. ಅವ್ವನ ಕಡೆ ತಿರುಗಿ, "ಎದ್ರು ಮನೆಯೋರ್ನ ಇಬ್ರುನ್ನ ಕರ್ಕಂಡು ಹುಳ ಆರುಸ್ಬುಡಿ. ನಾನು ಕತ್ಲಾಗೋಕ್ ಮುಂಚೆ ಬಂದ್ಬುಡ್ತೀನಿ" ಅಂದ.

ನಾನು ಕುಣಿದಾಡಿದೆ. ಪತ್ರಿಕೆಯ ಮೇಲೆ ದಪ್ಪಕ್ಷರದಲ್ಲಿದ್ದ ಮುಖ್ಯ ಅತಿಥಿಯ ಹೆಸರನ್ನು ಅಪ್ಪ ಬೆರಳಿಟ್ಟು ಓದಿದ್ದು ಕಣ್ಣಿಗೆ ಬಿದ್ದಿತ್ತು. ಕಂಡೂ ಕಾಣದವಳ ಹಾಗೆ ಇದ್ದೆ. ಆತ ನಮ್ಮ ಭಾಗದ ದೊಡ್ಡ ಲೀಡರು. ಆ ವರ್ಷದ ಮೊದಲಲ್ಲಿ ಸರ್ವೆಯವರು ಬಂದು ನಮ್ಮ ಹಿಪ್ಪುನೇರಳೆ ತೋಟದ ಮೂಲೆಯ ಕಲ್ಲಿಗೆ ಕೆಂಪು ಬಣ್ಣ ಬಳಿದು ಹೋಗಿದ್ದರು. ಕೈಗಾರಿಕೆಗೆ ಜಾಗ ಬೇಕಂತೆ, ನಮ್ಮ ತೋಟವೂ ಸೇರಿದೆಯಂತೆ. ಆವತ್ತಿನಿಂದ ಅಪ್ಪ ಮೂರು ಆಫೀಸಿಗೆ ಅಲೆದಿದ್ದ. ಲೀಡರ ಮನೆ ಬಾಗಿಲಿಗೂ ಹೋಗಿ ಗೇಟಿನಿಂದಲೇ ವಾಪಸಾಗಿದ್ದ.

ಕಾರ್ಯಕ್ರಮ ನಾಲ್ಕಕ್ಕೆ ಅಂತ ಇತ್ತು. ಅಪ್ಪ ಮೂರಕ್ಕೇ ಬಂದ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಹೊಸ ಟವೆಲು. ಊರಿನ ನಮ್ಮ ದೊಡ್ಡಪ್ಪನೊಬ್ಬ ಜೊತೆಗಿದ್ದ. ನಾನು ಇಬ್ಬರನ್ನೂ ಕರೆದುಕೊಂಡು ಹೋಗಿ ನಾಲ್ಕನೇ ಸಾಲಿನಲ್ಲಿ, ನನ್ನ ಕುರ್ಚಿಗೆ ನೇರಕ್ಕೆ ಕೂರಿಸಿದೆ. "ಇಲ್ಲೇ ಕೂತಿರಪ್ಪ, ಏಳ್ಬ್ಯಾಡ. ಇಲ್ಲಿಂದ ಚೆನ್ನಾಗಿ ಕೇಳ್ತದೆ" ಅಂದೆ. ಅಪ್ಪ ಮೇಲೆ ತೂಗುತ್ತಿದ್ದ ಲೈಟುಗಳನ್ನು ನೋಡುತ್ತಾ ತಲೆಯಾಡಿಸಿದ. ಅಂಗಿಯ ಜೇಬಿನಲ್ಲಿ ಮಡಿಚಿದ ಅರ್ಜಿ ಕಾಣುತ್ತಿತ್ತು. ಅದನ್ನೂ ಕಾಣದವಳ ಹಾಗೆ ಇದ್ದೆ.

ಲೀಡರು ಬಂದಾಗ ಆರೂವರೆ ದಾಟಿತ್ತು. ಅಲ್ಲಿಯವರೆಗೆ ನಾವು ಕಪ್ಪು ಕೋಟಿನಲ್ಲಿ ಬೆವರುತ್ತಾ ವೇದಿಕೆಯ ಮೇಲೆ ಗೊಂಬೆಗಳ ಹಾಗೆ ಕೂತಿದ್ದೆವು. ಆಮೇಲೆ ಶುರುವಾಯಿತು ನೋಡಿ ನಮ್ಮವರ ಕಛೇರಿ! ಪ್ರಾರ್ಥನೆ. ಫ್ಯಾನಿನ ಗಾಳಿಗೆ ಹತ್ತದ ದೀಪವನ್ನು ಮೂರು ಸಲ ಬೆಳಗಿದ್ದು. ಸ್ವಾಗತ ಭಾಷಣ, ಸ್ವಾಗತ ಮಾಡಿದವರಿಗೆ ಇನ್ನೊಬ್ಬರಿಂದ ಸ್ವಾಗತ. ಆಮೇಲೆ ಸನ್ಮಾನ. ಅಮೆರಿಕದ ಕಲಾವಿದನ ತಲೆಗೆ ಮೈಸೂರು ಪೇಟ ಇಟ್ಟು, ಒಂದರ ಮೇಲೊಂದು ಮೂರು ಶಾಲು ಹೊದಿಸಿ, ಕತ್ತಿಗೆ ಮಣಭಾರದ ಹಾರ ಹಾಕಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ತೊಡೆಯ ಮೇಲೆ ಚನ್ನಪಟ್ಟಣದ ಮರದ ಕುದುರೆ ಕೂರಿಸಿದರು. ಪಾಪ, ಆತ ಸ್ಯಾಕ್ಸೋಫೋನು ತೂಗುಹಾಕಿಕೊಳ್ಳಲು ಪೇಟ ತೆಗೆದಿಟ್ಟರೆ ನಿರೂಪಣೆ ಮಾಡುತ್ತಿದ್ದ ಮೇಡಂ ಓಡಿ ಬಂದು ಮತ್ತೆ ಇಟ್ಟರು, ಫೋಟೋ ಇನ್ನೂ ಮುಗಿದಿಲ್ಲ ಅಂತ. ಅಧ್ಯಕ್ಷರು ಮಾತಾಡಿದರು. ಅಧ್ಯಕ್ಷರ ಮಗ ಮಾತಾಡಿದ. ಪ್ರಿನ್ಸಿಪಾಲರು ಜಾಝ್ ಸಂಗೀತ ನಮ್ಮ ವೇದದಲ್ಲೇ ಇದೆ ಅಂತ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಲೀಡರು ಕೈಗಾರಿಕೆಯಿಂದ ನಮ್ಮ ತಾಲ್ಲೂಕುಗಳು ಹೇಗೆ ಸಿಂಗಾಪುರ ಆಗುತ್ತವೆ ಅನ್ನುವುದನ್ನು ವಿಸ್ತಾರವಾಗಿ ಹೇಳಿದರು. ಅಪ್ಪ ಒಂದು ಮಾತೂ ಬಿಡದೆ ಕೇಳುತ್ತಿದ್ದ. ನನಗೆ ಅವನ ಮೇಲೇ ಕಣ್ಣು. ಮನೆಯಲ್ಲಿ ಹುಳ ಹಣ್ಣಾಗಿವೆ, ಅಪ್ಪ ಎಲ್ಲಿ ಎದ್ದು ಹೋಗುತ್ತಾನೋ ಅಂತ.

ಲೀಡರಿಗೆ ಬೇರೆ ಕಾರ್ಯಕ್ರಮಗಳಿದ್ದವು. ಆದರೂ "ಒಂದ್ ಸಾಂಗ್ ಕೇಳ್ಕಂಡೇ ಹೋಗ್ತೀನಿ" ಅಂತ ಮೈಕಿನಲ್ಲೇ ಹೇಳಿ ಮುಂದಿನ ಸಾಲಿನ ಸೋಫಾದಲ್ಲಿ ಕೂತರು. ಮಾಸ್ಟರು ಬುದ್ಧಿವಂತರು. ಕೊನೆಗಿದ್ದ ನನ್ನ ಹಾಡನ್ನೇ ಮೊದಲಿಗೆ ಎಳೆದುಕೊಂಡರು. ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಆ ಹೊತ್ತಿನಲ್ಲಿ ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

ಡ್ರಮ್ಮು ಹೊರಟಿತು, ಹಿಂದೆಯೇ ನಾವೆಲ್ಲ. ಅಷ್ಟು ಜನ ಒಟ್ಟಿಗೆ ಊದಿದರೆ ಕೂತ ಕುರ್ಚಿಯೂ ಗುಂಯ್ ಅನ್ನುತ್ತದೆ. ಸಭೆ ಒಂದು ಕ್ಷಣ ಬೆಚ್ಚಿತು. ಅಪ್ಪ ಹೆಗಲ ಟವೆಲು ಸರಿಮಾಡಿಕೊಂಡು ಮುಂದೆ ಬಾಗಿದ್ದು ಕಂಡಿತು. ಅಮೆರಿಕದವನು ಪೇಟವನ್ನು ಕುರ್ಚಿಯ ಕೆಳಗಿಟ್ಟು, ಶಾಲುಗಳನ್ನೆಲ್ಲ ಕಿತ್ತು ಎಸೆದು ಮುಂದೆ ಬಂದ. ಏನು ನುಡಿಸಿದ ಮಾರಾಯ! ಒಂದು ಸಲ ಅಳಿಸಿದ ಹಾಗೆ, ಮರುಕ್ಷಣ ಕಚಗುಳಿ ಇಟ್ಟ ಹಾಗೆ. ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆದರು. ಮುಗಿಸಿ, ತಿರುಗಿ, ನನ್ನ ಕಡೆ ಬೆರಳು ತೋರಿಸಿದ.

ನಾನು ಎದ್ದು ನಿಂತೆ. ಸಭೆಯೂ ಎದ್ದು ನಿಂತಿತು.

ಮೊದಲ ಸಾಲು, ಎರಡನೆಯದು, ಮೂರನೆಯದು, ಅಪ್ಪನ ಸಾಲು. ಕುರ್ಚಿಗಳು ಸರಿದ ಸದ್ದು ಡ್ರಮ್ಮನ್ನೂ ಮೀರಿ ಕೇಳಿತು. ಹೇಳಲು ನಾಚಿಕೆಯಾಗುತ್ತದೆ, ನನಗೋಸ್ಕರ ಎದ್ದರು ಅಂದುಕೊಂಡೆ. ಹೊರದೇಶದಲ್ಲಿ ಹಾಗೆ ಎದ್ದು ನಿಲ್ಲುತ್ತಾರೆ ಅಂತ ಮಾಸ್ಟರು ಹೇಳಿದ್ದರು. ಊದುವ ಮೊದಲೇ ಎದ್ದರಲ್ಲ, ಹಳ್ಳಿಯ ಹುಡುಗಿ ಅಂತಲೋ ಏನೋ, ಎಂಥ ಒಳ್ಳೆಯ ಜನ ಅಂತ ಕಣ್ಣು ತುಂಬಿ ಬಂತು. ತುಟಿಗೆ ಟ್ರಂಪೆಟ್ಟು ಇಟ್ಟೆ. ಆಮೇಲೆ ಕಂಡಿತು. ಮುಂದಿನ ಸಾಲಿನಲ್ಲಿ ಲೀಡರು ಎದ್ದಿದ್ದರು, ಕಿವಿಗೆ ಮೊಬೈಲು ಇಟ್ಟುಕೊಂಡು ಬಾಗಿಲ ಕಡೆ ಹೊರಟಿದ್ದರು. ದೊಡ್ಡವರು ಎದ್ದಾಗ ಕೂತೇ ಇರುವುದು ನಮ್ಮ ಕಡೆ ಅಹಂಕಾರ. ಅವರನ್ನು ಕಾರಿನವರೆಗೂ ಕಳಿಸಿ ಬರದಿದ್ದರೆ ಅಗೌರವ. ಅಧ್ಯಕ್ಷರು ಓಡಿದರು, ಪ್ರಿನ್ಸಿಪಾಲರು ಓಡಿದರು, ಲೆಕ್ಚರರುಗಳು, ಫೋಟೋದವರು, ಊರುಗಳಿಂದ ಬಂದಿದ್ದ ಎಲ್ಲ ಹಿರಿಯರು ಹೊರಟರು. ಹಾರದಿಂದ ಬಿದ್ದ ಹೂವುಗಳನ್ನು ತುಳಿದುಕೊಂಡೇ ಹೋದರು.

ದೊಡ್ಡಪ್ಪ ಅಪ್ಪನ ರಟ್ಟೆ ಹಿಡಿದು ಎಳೆಯುತ್ತಿದ್ದ. ಅವನು ಅಂದದ್ದು ವೇದಿಕೆಗೆ ಕೇಳುವಷ್ಟು ಜೋರಾಗಿತ್ತು. "ಬಾರ್ಲಾ, ಈಗ್ಲೇ ಸಿಗೋದು ಅವ್ರು! ಏನ್ ನೋಡ್ತಾ ನಿಂತ್ಕಂಡೆ?" ಅಪ್ಪ ಒಂದು ಸಲ ನನ್ನ ಕಡೆ ನೋಡಿದ. ನಾನು ಊದಲು ಶುರುಮಾಡಿದ್ದೆ, ಕಣ್ಣಿನಲ್ಲೇ ಬೇಡ ಅಂದೆ. ಅಪ್ಪನ ಕೈ ಅಂಗಿಯ ಜೇಬಿಗೆ ಹೋಯಿತು. ತಿರುಗಿಕೊಂಡ. ಆಮೇಲೆ ಕಂಡದ್ದು ಬಿಳಿ ಅಂಗಿಯ ಬೆನ್ನು ಮಾತ್ರ.

ಊದಿದೆ. ಸಾಕು ಅನ್ನಿಸುವವರೆಗೆ ಊದು ಅಂದಿದ್ದನಲ್ಲ, ಊದಿದೆ. ಹಿಂದಿನ ದಿನ ಬಂದ ಆ ಏರು ಬಂತು, ಅದಕ್ಕಿಂತ ಚೆನ್ನಾಗಿಯೇ ಬಂತು, ಸಿಟ್ಟಿನಲ್ಲಿ. ಬಾಗಿಲಿನಲ್ಲಿ ಜನ ಒಬ್ಬರನ್ನೊಬ್ಬರು ನೂಕುತ್ತಿದ್ದರು. ಹೊರಗಿನಿಂದ ಜೈಕಾರ ಕೇಳಿತು. ಖಾಲಿ ಕುರ್ಚಿಗಳ ಆಚೆ, ಕೊನೆಯ ಸಾಲಿನ ಹುಡುಗರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಕೇಳಿದವನು ಅಮೆರಿಕದವನೊಬ್ಬನೇ. ಮುಗಿದಮೇಲೆ ಅವನು ಒಬ್ಬನೇ ಚಪ್ಪಾಳೆ ತಟ್ಟಿದ, ಖಾಲಿ ಸಭಾಂಗಣದಲ್ಲಿ ಅದು ಅಸಹ್ಯವಾಗಿ ಕೇಳಿತು. ಜನ ತಿರುಗಿ ಬರುವ ಹೊತ್ತಿಗೆ ಮೇಡಂ ಮೈಕಿನಲ್ಲಿ, ಸಮಯದ ಅಭಾವದಿಂದ ಉಳಿದ ಹಾಡುಗಳನ್ನು ಮೊಟಕುಗೊಳಿಸಿದೆ, ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು ಅಂತ ಪ್ರಕಟಿಸಿಯಾಗಿತ್ತು.

ಗೇಟಿನ ಹತ್ತಿರ ಅಪ್ಪ ಸಿಕ್ಕ. ಮುಖ ಅರಳಿತ್ತು. ಎಷ್ಟೋ ತಿಂಗಳಿನಿಂದ ಆ ಮುಖ ನೋಡಿರಲಿಲ್ಲ.

"ಅರ್ಜಿ ಈಸ್ಕಂಡ್ರು ಕಣವ್ವ. ಕಾರ್ ಕಿಟ್ಕಿ ಇಳ್ಸಿ, ಅವ್ರೇ ಕೈ ನೀಡಿ ಈಸ್ಕಂಡ್ರು. ನೋಡಣ ಅಂದ್ರು."

ನಾನು ಬಸ್ ಸ್ಟಾಪಿನ ಕಡೆ ನಡೆದೆ. ಬಸ್ಸಿನಲ್ಲಿ ಕೂತಮೇಲೆ ಕೇಳಿದ.

"ನೀನು ಊದ್ದಾ?"

"ಊದ್ದೆ."

"ನಾ ಕಾರ್ ತಾವಿದ್ದೆ. ಅಲ್ಲಿಗೆ ಒಸಿ ಕೇಳ್ತು. ಅದು ನಿಂದೋ, ಆ ಅಮೇರಿಕದ್ ದೊರೆದೋ ಗೊತ್ತಾಗ್ನಿಲ್ಲ."

ನನಗೆ ಬಂದ ಸಿಟ್ಟು ಯಾರ ಮೇಲೆ ಅಂತ ಇವತ್ತಿಗೂ ಸರಿಯಾಗಿ ಹೇಳಲಾರೆ. ಅಪ್ಪ ಹೋದದ್ದು ತೋಟಕ್ಕಾಗಿ, ಆ ತೋಟದಿಂದಲೇ ನಾನು ಕಾಲೇಜು ಕಂಡದ್ದು. ಹಾಗಂತ ಮನಸ್ಸಿಗೆ ಎಷ್ಟು ಸಲ ಹೇಳಿದರೂ ಅದು ಕೇಳುವುದಿಲ್ಲ. ಇನ್ನೊಂದು ಐದು ನಿಮಿಷ ಆ ಮನುಷ್ಯ ಸೋಫಾದಲ್ಲಿ ಕೂತಿದ್ದರೆ ಏನು ಗಂಟು ಹೋಗುತ್ತಿತ್ತು? ಅವರು 'ನೋಡೋಣ' ಅಂದದ್ದರಿಂದ ಏನೂ ಆಗಲಿಲ್ಲ, ಮುಂದಿನ ವರ್ಷವೇ ನಮ್ಮ ತೋಟಕ್ಕೂ ಗೋಡೆ ಬಂತು. ಆವತ್ತು ಮನೆಗೆ ಹೋದಾಗ ಅವ್ವ ಮತ್ತು ಎದುರು ಮನೆಯವರು ಇನ್ನೂ ಹುಳ ಆರಿಸುತ್ತಿದ್ದರು. ಅಪ್ಪ ಅಂಗಿ ಬಿಚ್ಚಿ ಕೂತ. ನಾನೂ ಕೋಟು ಬಿಚ್ಚಿ ಕೂತೆ.

ಗೂಡು ಬಿಡಿಸಿ ರಾಮನಗರಕ್ಕೆ ಹಾಕಿ ಬಂದಮೇಲೆ, ಹುಳದ ಮನೆ ತೊಳೆದು ಖಾಲಿ ಬಿಟ್ಟಿದ್ದ ದಿನಗಳಲ್ಲಿ, ಒಂದು ಬೆಳಿಗ್ಗೆ ಅಪ್ಪ ತಾನಾಗಿಯೇ ಬಾಯಿಬಿಟ್ಟ. "ಅದ ತಕ್ಕಂಡ್ ಬಾ ಮಗ. ಈಗ ಹುಳ ಇಲ್ವಲ್ಲ, ಇಲ್ಲೇ ಊದೀಯಂತೆ. ನಾನೂ ನಿಮ್ಮವ್ವನೂ ಕೇಳ್ತೀವಿ" ಅಂದ. ಕೇಳಿಸಿಕೊಂಡ ನಾನು ತಿಂಡಿ ಬಿಟ್ಟು ಬಸ್ಸಿಗೆ ಓಡಿದೆ. ಕಾಲೇಜಿನಲ್ಲಿ ಬ್ಯಾಂಡಿನ ರೂಮಿನ ಬಾಗಿಲು ತೆರೆದಿತ್ತು, ಒಳಗೆ ಮುರಿದ ಬೆಂಚು ತುಂಬಿದ್ದರು. ತಪಾಸಣೆಯವರು ಬಂದು ಹೋಗಿದ್ದರು, ಇನ್ನು ಬ್ಯಾಂಡಿನ ಅಗತ್ಯವಿಲ್ಲ ಅಂತ ಮಾಸ್ಟರಿಗೂ ಬರಬೇಡಿ ಅಂದಿದ್ದರು. ವಾದ್ಯಗಳೆಲ್ಲಿ ಅಂತ ಆಫೀಸಿನಲ್ಲಿ ಕೇಳಿದೆ. "ಅವೆಲ್ಲ ಬೆಂಗಳೂರಿನ ಅಂಗಡಿಯಿಂದ ಬಾಡಿಗೆಗೆ ತಂದಿದ್ದಮ್ಮ, ವಾಪಸ್ ಹೋದ್ವು" ಅಂದರು. ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಮೂರು ವರ್ಷ ನನ್ನದು ಅಂದುಕೊಂಡು ಒರೆಸಿ ಒರೆಸಿ ಇಟ್ಟಿದ್ದೆ.

ಬರಿಗೈಯಲ್ಲಿ ಬಂದೆ. ಅಪ್ಪ ಹುಳದ ಮನೆಯ ನಡುವೆ ಚಾಪೆ ಹಾಸಿ ಕೂತಿದ್ದ. ಅವ್ವನನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದ. ನಡೆದದ್ದು ಹೇಳಿದೆ. ಅಪ್ಪ ಚಾಪೆಯ ಮೇಲೆ ಸರಿದು ಕೂತ.

"ಹೋಗ್ಲಿ ಬುಡು. ಬಾಯ್ನಾಗೇ ಅಂದ್ ತೋರ್ಸು. ಹೆಂಗಿತ್ತು ಅಂತ ಗೊತ್ತಾದ್ರೆ ಸಾಕು."

ಬೇಡ ಅಂದೆ. ಮತ್ತೆ ಕೇಳಿದ. ನಾಚಿಕೆ ಬಿಟ್ಟು ಗೋಡೆಗೆ ಒರಗಿ ನಿಂತು, ಪಾಂ ಪಪಾಂ ಅಂತ ಮೊದಲಿನಿಂದ ಕೊನೆಯವರೆಗೆ ಹಾಡಿದೆ. ಡ್ರಮ್ಮಿಲ್ಲ, ಹಿಂದೆ ಊದುವವರಿಲ್ಲ. ಆ ಏರು ಬರುವ ಕಡೆ ಗಂಟಲು ಒಡೆಯಿತು. ಅಪ್ಪ ಕತ್ತು ಒಂದು ಕಡೆ ಓರೆಮಾಡಿಕೊಂಡು, ಒಂದು ಚೂರೂ ಅಲ್ಲಾಡದೆ ಕೇಳಿದ. ನಾನು ನಿಲ್ಲಿಸಿದಮೇಲೂ ಇನ್ನೂ ಏನೋ ಬರುವುದಿದೆ ಅಂತ ಕಾದ. ಕೊನೆಗೆ, ಕುಹಕವೇನೂ ಇಲ್ಲದೆ, ನಿಜವಾಗಿಯೂ ತಿಳಿಯದೆ ಕೇಳಿದ.

"ಇಷ್ಟೇನಾ ಮಗ?"

"ಇಷ್ಟೇ ಅಪ್ಪ" ಅಂದೆ.